ಹೊದಳಿನ ಹೆಣಿಗೆಯೂ ಪುರುಸೊತ್ತಿನ ಲೆಕ್ಕವೂ



ಅಲಂಕಾರಕ್ಕಾಗಿ ಕಳೆದ ಹೊತ್ತು ವ್ಯರ್ಥವಾದ ಹೊತ್ತೋ ಎಂದು ಕೆಲವು ವರುಷಗಳ ಹಿಂದೆ ಯಾರಾದರೂ ನನ್ನನ್ನು ಕೇಳಿದ್ದರೆ, ತಡೆಯದೆ ಹೌದೆಂದು ಉತ್ತರ ಕೊಡುತ್ತಿದ್ದೆನು. ನಾನು ಬೆಳೆದ ಮನೆಯ ಶಿಕ್ಷಣವೇ ಅಂಥಾದ್ದು. ಹರಿದದ್ದನ್ನು ಹೊಲಿಯುವದಕ್ಕೆ ಸೂಜಿ, ಚಳಿಯನ್ನು ತಡೆಯುವದಕ್ಕೆ ಕಂಬಳಿ, ಮೇಜನ್ನು ಒರಸುವದಕ್ಕೆ ಬಟ್ಟೆ. ಇವುಗಳ ಹೊರತು ನೂಲಿಗೆ ಬೇರೆ ಕೆಲಸವಿಲ್ಲವೆಂದು ನನ್ನ ಅಜ್ಜಿಯು ನಂಬಿದ್ದರು. ಅವರ ರವಿಕೆಗೆ ಗುಂಡಿಗಳಿದ್ದವು, ಹೂವಿರಲಿಲ್ಲ. ನೆರೆಮನೆಯ ಹುಡುಗಿಯೊಬ್ಬಳು ದಿಂಬಿನ ಚೀಲಕ್ಕೆ ಬಣ್ಣದ ಹಕ್ಕಿಯನ್ನು ಹೊಲಿದು ತಂದು ತೋರಿಸಿದಾಗ ಅಜ್ಜಿಯು ಅದನ್ನು ತಿರುಗಿಸಿ, ಹಿಂಬದಿಯ ಗಂಟುಗಳನ್ನು ನೋಡಿ, “ಈ ಹಕ್ಕಿ ಮೊಟ್ಟೆ ಇಡುತ್ತದೋ ಮಗಾ?” ಎಂದು ಕೇಳಿದ್ದು ನನಗೆ ಇಂದಿಗೂ ನೆನಪುಂಟು. ಆ ಹುಡುಗಿಯ ಮುಖವು ಬಾಡಿದ್ದೂ ನೆನಪುಂಟು. ಆದರೆ ಆಗ ನಾನು ಅಜ್ಜಿಯ ಪಕ್ಷದವಳಾಗಿ ನಕ್ಕೆನು.

ಶಾಲೆಯ ಕೆಲಸದಿಂದ ನಿವೃತ್ತಳಾಗಿ ಈಗ ನಾನು ಅಜೆಕಾರಿನಲ್ಲಿ ವಾಸವಾಗಿದ್ದೇನೆ. ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೋಗುವ ದಾರಿಯಲ್ಲಿ, ಘಟ್ಟದ ಬುಡಕ್ಕೆ ಸಮೀಪವಾಗಿರುವ ಊರು ಇದು. ಆಟಿ ತಿಂಗಳ ಮಳೆಯು ಹಿಡಿಯಿತೆಂದರೆ ಅಂಗಳಕ್ಕೆ ಇಳಿಯುವ ಹಾಗಿಲ್ಲ, ವಿದ್ಯುತ್ತಿನ ನಂಬಿಕೆಯಿಲ್ಲ, ಚಾವಡಿಯಲ್ಲಿ ಕೂತು ಕೈಯಿಂದ ಮಾಡುವಂಥಾ ಕೆಲಸಕ್ಕೆ ಮಾತ್ರ ಎಡೆಯುಂಟು. ನಮ್ಮ ಬೇಲಿಯಾಚೆಯ ಮನೆಯ ಸಹೋದರಿಯು ಈ ಸೀಮೆಯ ಅನೇಕ ಹೆಂಗಸರ ಹಾಗೆ ಬೀಡಿ ಕಟ್ಟುವವಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆಯೂ ಹೊಗೆಸೊಪ್ಪೂ. ಬೆರಳುಗಳು ಓಡುತ್ತಿರುವಾಗಲೇ ಬಾಯಿಂದ ಮಾತೂ ಓಡುತ್ತದೆ. (ಹೊಗೆಸೊಪ್ಪಿನ ವಿಷಯವಾಗಿ ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗೆ ಇರುವ ಅಭಿಪ್ರಾಯವನ್ನು ನಾನು ಬಲ್ಲೆನು. ಅದು ಬೇರೆ ಮಾತು. ಸೇದುವವರನ್ನು ಬಿಟ್ಟು ಕಟ್ಟುವವರನ್ನು ಗದರಿಸುವದು ನ್ಯಾಯವಲ್ಲ.) ಸಾಯಂಕಾಲ ಬೀಡಿಯ ಕಟ್ಟುಗಳನ್ನು ಬ್ರಾಂಚಿಗೆ ಒಪ್ಪಿಸಿ ಬಂದು, ಅಡಿಗೆಯನ್ನು ಮುಗಿಸಿ, ಎಲ್ಲರೂ ಮಲಗಿದ ಮೇಲೆ ಆಕೆಯು ಕ್ರೋಶಾ ಕಡ್ಡಿಯನ್ನು ಹಿಡಿಯುತ್ತಾಳೆ.

ಎರಡು ವರುಷಗಳ ಹಿಂದೆ ನಾನು ಆಕೆಯ ಕೈಯಿಂದ ಒಂದು ಮೇಜುಹಾಸನ್ನು ಕೊಂಡುಕೊಂಡೆನು. ಬಿಳೀ ಹತ್ತಿಯ ನೂಲಿನಿಂದ ಮಾಡಿದ ಚೌಕಗಳು, ಉದ್ದಕ್ಕೆ 8, ಅಗಲಕ್ಕೆ 6, ಒಟ್ಟು 48. ಒಂದೊಂದು ಚೌಕದಲ್ಲಿಯೂ ಮಲ್ಲಿಗೆಯ ಮೊಗ್ಗಿನಷ್ಟು ಉಬ್ಬಿ ನಿಂತ 20 ಗುಬ್ಬೆಗಳು. ಕೈಯಾಡಿಸಿದರೆ ಹಲಸಿನ ಎಳೇ ಕಾಯಿಯ ಮೈಯನ್ನು ಮುಟ್ಟಿದ ಹಾಗಿತ್ತು.

“ಎಷ್ಟು ಕೊಡಬೇಕು ತಂಗೀ?” ಎಂದೆನು.

“ಎಂಟುನೂರು ಕೊಡಿ ಟೀಚರಮ್ಮ.”

“ಐನೂರಕ್ಕೆ ಕೊಡು. ನಾನೇನು ಹೊರಗಿನವಳೋ?”

ಆಕೆಯು ಹಾಸನ್ನು ಒಂದು ಸಲ ಮಡಚಿ, ಪುನಃ ಬಿಡಿಸಿ, “ಆಗಲಿ, ನೂಲಿಗೇ ಇನ್ನೂರಿಪ್ಪತ್ತು ಬಿದ್ದದೆ. ಮತ್ತೆ ಪುರುಸೊತ್ತಿನಲ್ಲಿ ಮಾಡಿದ್ದಲ್ಲವೋ” ಎಂದು ಕೊಟ್ಟಳು. ನಾನು ಐನೂರು ರೂಪಾಯಿಗಳನ್ನು ಎಣಿಸಿ ಕೊಟ್ಟು, ಚೌಕಾಶಿಯಲ್ಲಿ ಗೆದ್ದೆನೆಂಬ ಹಿಗ್ಗಿನಿಂದ ಬೇಲಿ ದಾಟಿ ಬಂದೆನು. ಈ ಲೇಖನವು ಆ ಹಿಗ್ಗಿನ ಪರಿಶೋಧನೆಯೇ.

ಹಾಸು ನನ್ನ ಮೇಜಿನ ಮೇಲೆ ಬಹುಕಾಲ ಶೋಭಿಸಿತು. ಹೋದ ಮಳೆಗಾಲದಲ್ಲಿ ಮೊಮ್ಮಗನು ಕತ್ತರಿಯನ್ನು ಪರೀಕ್ಷಿಸುವದಕ್ಕೆ ಅದರ ಮೂಲೆಯ ಒಂದು ಚೌಕವನ್ನು ಆರಿಸಿಕೊಂಡನು. ಹಾಳಾದದ್ದನ್ನು ಹಿಡಿದುಕೊಂಡು ನಾನು ನೆರೆಮನೆಗೆ ಹೋದಾಗ ಆಕೆಯು ನಕ್ಕು, “ಒಂದು ಚೌಕ ಅಲ್ಲವೋ ಟೀಚರಮ್ಮ, ನೀವೇ ಮಾಡಿ. ನಾನು ಹೇಳಿಕೊಡುತ್ತೇನೆ” ಎಂದಳು. ಮೂವತ್ತಕ್ಕೂ ಹೆಚ್ಚು ವರುಷ ಇತರರಿಗೆ ಹೇಳಿಕೊಟ್ಟವಳಿಗೆ ಈ ಮಾತು ಮೊದಲು ತಮಾಷೆಯಾಗಿಯೂ ಆಮೇಲೆ ಪಂಥವಾಗಿಯೂ ತೋರಿತು.

ಕ್ರೋಶಾ ಎಂಬದು ಸಣ್ಣ ಕೊಕ್ಕೆ ಎಂಬ ಅರ್ಥವುಳ್ಳ ಫ್ರೆಂಚ್ ಶಬ್ದದಿಂದ ಬಂದದ್ದು. ಮಗ್ಗದ ನೇಯಿಗೆಯಲ್ಲಿ ಹಾಸು ಹೊಕ್ಕು ಎಂದು ಎರಡು ನೂಲುಗಳುಂಟು. ಉಣ್ಣೆಯ ಅಂಗಿಯನ್ನು ಹೆಣೆಯುವಾಗ ಕುಣಿಕೆಗಳ ಒಂದು ಪೂರ್ತಿ ಸಾಲೇ ಕಡ್ಡಿಯ ಮೇಲೆ ಕಾದುಕೊಂಡಿರುತ್ತದೆ. ಕ್ರೋಶಾದಲ್ಲಾದರೋ ಕಡ್ಡಿ ಒಂದೇ, ನೂಲು ಒಂದೇ, ಕಡ್ಡಿಯ ಮೇಲೆ ಜೀವದಿಂದಿರುವ ಕುಣಿಕೆಯೂ ಸಾಮಾನ್ಯವಾಗಿ ಒಂದೇ. ಆ ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದರೆ ಸರಪಳಿ. ನೂಲನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ, ಹಿಂದಿನ ಸಾಲಿನ ಕಣ್ಣಿನೊಳಗೆ ತೂರಿಸಿ, ನೂಲನ್ನು ಎಳೆದು ತಂದು, ಎರಡೆರಡು ಕುಣಿಕೆಗಳಾಗಿ ಎರಡು ಸಲ ಬಿಡಿಸಿದರೆ ಒಂದು ಕಂಬ. ಇದಿಷ್ಟನ್ನು ನಾನು ಎರಡು ದಿನಗಳಲ್ಲಿ ಕಲಿತು, ನನ್ನಷ್ಟಕ್ಕೆ ನಾನೇ ಬೆನ್ನು ತಟ್ಟಿಕೊಂಡೆನು. ನನ್ನ ಕಂಬಗಳಲ್ಲಿ ಕೆಲವು ನೆಟ್ಟಗೂ ಕೆಲವು ಗಾಳಿಗೆ ಬಾಗಿದ ಅಡಿಕೆ ಮರಗಳ ಹಾಗೂ ಇದ್ದವು.

ಕಷ್ಟವೆಲ್ಲಾ ಗುಬ್ಬೆಯಲ್ಲಿತ್ತು. ಇಂಗ್ಲಿಷಿನವರು ಇದಕ್ಕೆ ಪಾಪ್‌ಕಾರ್ನ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಸಹೋದರಿಯು ಹೊದಳು ಎನ್ನುತ್ತಾಳೆ, ಮತ್ತು ಆಕೆಯ ಹೆಸರೇ ಲೇಸು. ಯಾಕಂದರೆ ಕಾದ ಓಡಿನಲ್ಲಿ ಭತ್ತವು ಸಿಡಿದು ಅರಳುವ ಹಾಗೆ ಇದು ಬಟ್ಟೆಯ ಮೈಯಿಂದ ತಟಕ್ಕನೆ ಮೇಲೇಳುತ್ತದೆ. ಮಾಡುವ ಕ್ರಮ ಹೀಗೆ: ಒಂದು ಕಂಬಕ್ಕೆ ಸ್ಥಳವಿರುವ ಒಂದೇ ಕಣ್ಣಿನೊಳಗೆ ಐದು ಕಂಬಗಳನ್ನು ಎಬ್ಬಿಸಬೇಕು. ಅವು ಬೀಸಣಿಗೆಯ ಹಾಗೆ ಹರಡಿ ನಿಲ್ಲುವವು. ಆಗ ಕಡ್ಡಿಯನ್ನು ಕುಣಿಕೆಯಿಂದ ಸಂಪೂರ್ಣವಾಗಿ ಹೊರಗೆ ತೆಗೆಯಬೇಕು. ಕುಣಿಕೆಯು ಆಧಾರವಿಲ್ಲದೆ ಗಾಳಿಯಲ್ಲಿ ನಿಂತಿರುವಾಗ ಕಡ್ಡಿಯನ್ನು ಮೊದಲನೆಯ ಕಂಬದ ತಲೆಯೊಳಗೆ ಮುಂದಿನಿಂದ ತೂರಿಸಿ, ಆ ಅನಾಥ ಕುಣಿಕೆಯನ್ನು ಹಿಡಿದು ಈಚೆಗೆ ಎಳೆಯಬೇಕು. ಐದನೆಯದು ಒಂದನೆಯದನ್ನು ಸೇರಿದ ಕೂಡಲೇ ನಡುವಿನ ಮೂರಕ್ಕೂ ಹೋಗುವದಕ್ಕೆ ಬೇರೆ ದಾರಿಯಿಲ್ಲದೆ ಅವು ನಮ್ಮ ಕಡೆಗೆ ಉಬ್ಬುತ್ತವೆ. ಒಂದು ಸರಪಳಿಯಿಂದ ಬಿಗಿದರೆ ಹೊದಳು ನಿಂತಿತು. ಕಡ್ಡಿಯನ್ನು ಹಿಂದಿನಿಂದ ತೂರಿಸಿದರೆ ಅದೇ ಹೊದಳು ಹಿಮ್ಮುಖವಾಗಿ ಉಬ್ಬಿ, ನಮ್ಮ ಕಡೆಗೆ ಬರೀ ಗುಳಿ ಕಾಣುವದು. ನನ್ನ ಮೊದಲನೆಯ ಸಾಲಿನಲ್ಲಿ ನಾಲ್ಕು ಉಬ್ಬುಗಳೂ ಮೂರು ಗುಳಿಗಳೂ ಇದ್ದವು.

ಕಡ್ಡಿಯನ್ನು ಹೊರಗೆ ತೆಗೆಯುವ ಆ ಕ್ಷಣವು ಕಲಿಯುವವರಿಗೆ ಭಯಂಕರವಾದದ್ದು. ಇಡೀ ಕೆಲಸದ ಪ್ರಾಣವು ಆ ಒಂದು ಕುಣಿಕೆಯಲ್ಲಿರುತ್ತದೆ. ಹೊರಗೆ ಸಿಡಿಲು ಹೊಡೆದು ಕೈ ಅಲುಗಿದರೆ, ಬೆಕ್ಕು ನೂಲಿನುಂಡೆಗೆ ಹಾರಿದರೆ, ಕುಣಿಕೆ ಜಾರಿತು. ಮತ್ತೆ ಐದು ಕಂಬಗಳೂ ಒಂದರ ಹಿಂದೊಂದು ಬಿಚ್ಚಿಕೊಳ್ಳುವದನ್ನು ನೋಡುತ್ತಾ ಕೂಡಬೇಕಷ್ಟೇ. ನಾನು ಅನೇಕಾವರ್ತಿ ಐದರ ಬದಲಿಗೆ ನಾಲ್ಕೇ ಕಂಬಗಳನ್ನು ಹಾಕಿ ಮುಂದೆ ಹೋದೆನು. ನಾಲ್ಕರ ಹೊದಳು ಸಾಲಿನಲ್ಲಿ ಸೊರಗಿ ಕಾಣುತ್ತದೆ. ಆದರೆ ಎರಡು ಸುತ್ತು ಮುಗಿಯುವ ವರೆಗೂ ಅದು ಕಣ್ಣಿಗೆ ಬೀಳುವದಿಲ್ಲ. “ಯಾರು ನೋಡುತ್ತಾರೆ?” ಎಂದು ಬಿಡಬಹುದು. ಆದರೆ ನನ್ನ ಗುರುವು ಏನೂ ಹೇಳದೆ ನೂಲನ್ನು ಹಿಡಿದು ಸರ್ರನೆ ಎಳೆದುಬಿಟ್ಟಳು. ಮುಕ್ಕಾಲು ಗಂಟೆಯ ಕೆಲಸವು ನನ್ನ ಮಡಿಲಲ್ಲಿ ಸುಕ್ಕುಗಟ್ಟಿದ ನೂಲಾಗಿ ಬಿತ್ತು. ಕುಂಬಾರನ ಮಡಿಕೆಯು ಸುಟ್ಟ ಮೇಲೆ ತಿದ್ದಲಾಗದು, ದರ್ಜಿಯು ಕತ್ತರಿಸಿದ ಬಟ್ಟೆಯು ಕೂಡದು. ಇಲ್ಲಿ ಮಾತ್ರ ನೂಲು ಒಂದಂಗುಲವೂ ನಷ್ಟವಾಗದೆ ಹಿಂದಕ್ಕೆ ಬರುತ್ತದೆ. ಹೋದದ್ದು ಹೊತ್ತು ಒಂದೇ. ಆ ಸುಕ್ಕುನೂಲನ್ನು ಕೈಯಲ್ಲಿ ಹಿಡಿದಾಗಲೇ ಹೊತ್ತು ಎಂಬದು ಒಂದು ಪದಾರ್ಥವೆಂದು, ನೂಲಿನ ಹಾಗೆ ಅಳೆಯತಕ್ಕದ್ದೆಂದು ನನಗೆ ಮೊದಲನೆಯ ಸಲ ಅನ್ನಿಸಿತು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಒಂದು ಕಂಬದ ಸ್ಥಳದಲ್ಲಿ ಐದು ಕಂಬಗಳು ನಿಲ್ಲುವದರಿಂದ ಹೊದಳಿಗೆ ಸುಮಾರು ಐದರಷ್ಟು ನೂಲು ಬೇಕು, ಐದರಷ್ಟು ಹೊತ್ತೂ ಬೇಕು. ಅದರಿಂದ ಮೇಜು ಬೆಚ್ಚಗಾಗುವದಿಲ್ಲ. ಲೋಟವನ್ನಿಟ್ಟರೆ ನೆಟ್ಟಗೆ ನಿಲ್ಲುವದೂ ಇಲ್ಲ. ಪ್ರಯೋಜನವನ್ನು ತೋರಿಸಿ ಅಲಂಕಾರವನ್ನು ಸಮರ್ಥಿಸುವವರ ಗುಂಪಿಗೆ ನಾನು ಸೇರಲಾರೆನು. ಅದು ಹಕ್ಕಿಯು ಮೊಟ್ಟೆ ಇಡುತ್ತದೆಂದು ಸುಳ್ಳು ಹೇಳಿದಂತೆ. ಆದರೆ ಅಜ್ಜಿಯು ದಿನಾಲೂ ಓದುತ್ತಿದ್ದ ಗ್ರಂಥದಲ್ಲಿಯೇ ಮಹಾಯಾಜಕನ ನಿಲುವಂಗಿಯ ಅಂಚಿನ ವರ್ಣನೆಯುಂಟು. ಆ ಅಂಚಿನ ಸುತ್ತಲೂ ಬಂಗಾರದ ಗೆಜ್ಜೆಗಳು, ಗೆಜ್ಜೆಗಳ ನಡುವೆ ನೀಲಿ, ಊದಾ, ಕೆಂಪು ನೂಲುಗಳಿಂದ ಮಾಡಿದ ದಾಳಿಂಬೆಗಳು. ಗೆಜ್ಜೆಯು ಯಾಕೆ ಬೇಕೆಂಬದಕ್ಕೆ ಅಲ್ಲಿ ಕಾರಣ ಕೊಟ್ಟದೆ. ನೂಲಿನ ದಾಳಿಂಬೆಗಳು ಯಾಕೆಂಬದಕ್ಕೆ ಕಾರಣವಿಲ್ಲ. ಬಟ್ಟೆಯಿಂದ ಉಬ್ಬಿ ನಿಂತ ಆ ಗುಂಡುಗುಂಡಾದ ನೂಲಿನ ಹಣ್ಣುಗಳು ನನ್ನ ಮೇಜುಹಾಸಿನ ಹೊದಳುಗಳಿಗೆ ಬಹು ದೂರದ ನೆಂಟರೇ ಎಂದು ನಾನು ನೆನಸುತ್ತೇನೆ. ಅಜ್ಜಿಯು ಇದಕ್ಕೆ ಏನು ಹೇಳುತ್ತಿದ್ದರೋ! ಬಹುಶಃ, ಅದು ಯಾಜಕನಿಗೆ, ನಿನಗಲ್ಲ ಎನ್ನುತ್ತಿದ್ದರು.

ಆದರೆ ಅಜ್ಜಿಯ ವಿಷಯದಲ್ಲಿ ಒಂದು ನ್ಯಾಯವನ್ನು ಹೇಳಲೇಬೇಕು. ಅವರು ಅಲಂಕಾರವನ್ನು ವ್ಯರ್ಥವೆಂದರು, ಆದದರಿಂದ ಅದನ್ನು ಕೊಳ್ಳಲೂ ಇಲ್ಲ. ಅವರ ನಾಲಿಗೆಯೂ ಗಂಟೂ ಒಂದೇ ಮಾತನ್ನು ಹೇಳಿದವು. ನಾನಾದರೋ ಅದನ್ನು ವ್ಯರ್ಥವೆಂದೂ ಹೇಳಿದೆನು, ಬಯಸಿಯೂ ಬಯಸಿದೆನು. ಬೇಥಾನ್ಯದ ಮನೆಯಲ್ಲಿ ಒಬ್ಬ ಹೆಂಗಸು ಸುಗಂಧತೈಲವನ್ನು ಸುರಿದಾಗ ಯಾಕೆ ಈ ನಷ್ಟವೆಂದು ಗೊಣಗಿದವರು ತೈಲದ ಕ್ರಯವನ್ನಾದರೂ ಚೆನ್ನಾಗಿ ಬಲ್ಲವರು. ಮುನ್ನೂರು ದಿನಾರಿ ಎಂದು ಎಣಿಸಿ ಹೇಳಿದರು. ದಿನಕ್ಕೊಂದು ದಿನಾರಿ ಕೂಲಿಯಿದ್ದ ಕಾಲದಲ್ಲಿ ಅದು ಹೆಚ್ಚು ಕಡಿಮೆ ಒಂದು ವರುಷದ ದುಡಿಮೆ. ನನ್ನ ಪಾಪವು ಅದಕ್ಕೆ ವಿಪರೀತವಾದದ್ದು. ಪರಿಮಳವನ್ನು ಮೂಸಿದೆನು, ಲೆಕ್ಕವನ್ನು ಕೇಳಲಿಲ್ಲ.

ಲೆಕ್ಕವನ್ನು ಮಾಡಿದ್ದು ನಾಲ್ಕು ತಿಂಗಳು ಕಲಿತ ಮೇಲೆ. ಒಂದು ರಾತ್ರಿ ಆಕೆಯ ಪಕ್ಕದಲ್ಲಿ ಕೂತು ಗಡಿಯಾರವನ್ನು ನೋಡುತ್ತಾ ಇದ್ದೆನು. ನನಗೆ ಎರಡು ನಿಮಿಷ ಹಿಡಿಯುವ ಹೊದಳು ಆಕೆಯ ಕೈಯಲ್ಲಿ ಅರ್ಧ ನಿಮಿಷದಲ್ಲಿ ಆಗುತ್ತದೆ. ಚೌಕಕ್ಕೆ 20, ಚೌಕಗಳು 48. ಒಟ್ಟು 960 ಹೊದಳುಗಳು. ಅರ್ಧರ್ಧ ನಿಮಿಷವೆಂದರೆ 480 ನಿಮಿಷಗಳು, ಅಂದರೆ 8 ತಾಸು. ಬರೀ ಉಬ್ಬುಗಳಿಗಾಗಿ ಒಂದು ಪೂರ್ತಿ ಕೂಲಿಯ ದಿನ! ಹೊದಳುಗಳನ್ನೂ ಕೂಡಿಸಿ ಒಂದು ಚೌಕಕ್ಕೆ ಆಕೆಗೆ 40 ನಿಮಿಷಗಳು ಬೇಕು. 48 ಚೌಕಗಳಿಗೆ 32 ತಾಸು. ಚೌಕಗಳನ್ನು ಒಂದಕ್ಕೊಂದು ಕೂಡಿಸಿ ಅಂಚು ಕಟ್ಟುವದಕ್ಕೆ ಇನ್ನೂ 8. ಒಟ್ಟು 40 ತಾಸು. ನಾನು ಕೊಟ್ಟ 500 ರೂಪಾಯಿಗಳಲ್ಲಿ ನೂಲಿನ 220ನ್ನು ಕಳೆದರೆ ಉಳಿದದ್ದು 280. ತಾಸಿಗೆ 7 ರೂಪಾಯಿ. ಆಕೆಯು ಕೇಳಿದ 800ನ್ನೇ ಕೊಟ್ಟಿದ್ದರೂ ತಾಸಿಗೆ ಹದಿನಾಲ್ಕೂವರೆ ಮಾತ್ರ. ನಾನು ಎಷ್ಟೋ ವರುಷ ಮಕ್ಕಳಿಗೆ ಕಾಲ, ಕೆಲಸ, ಕೂಲಿಯ ಲೆಕ್ಕಗಳನ್ನು ಕರೀ ಹಲಗೆಯ ಮೇಲೆ ಬಿಡಿಸಿದವಳು. ಇಷ್ಟು ಸುಲಭವಾದ ಗುಣಾಕಾರವು ಆ ದಿನ ಬೇಲಿಯ ಬಳಿಯಲ್ಲಿ ನನಗೆ ಯಾಕೆ ಹೊಳೆಯಲಿಲ್ಲ? ಬುದ್ಧಿ ಸಾಲದೆ ಅಲ್ಲ. ಬೆರಳಿಗೆ ಗೊತ್ತಿಲ್ಲದ್ದನ್ನು ಕಣ್ಣು ಎಣಿಸುವದಿಲ್ಲ. ಕಣ್ಣಿಗೆ ಕಂಡದ್ದು ಒಂದು ಚಂದದ ಹಾಸು. ಐದನೆಯ ಕಂಬವು ತಪ್ಪಿ ಬಿಚ್ಚಿದವಳಿಗೆ ಮಾತ್ರ ಅದರಲ್ಲಿ 960 ಕಾಣುತ್ತವೆ.

ಪುರುಸೊತ್ತಿನಲ್ಲಿ ಮಾಡಿದ್ದು ಎಂಬ ಆಕೆಯ ಮಾತನ್ನು ವಿಚಾರಿಸುವ. ಇದು ಆಕೆಯೊಬ್ಬಳ ಮಾತಲ್ಲ. ಈ ಕೈಕೆಲಸದೊಂದಿಗೆ ಬಹು ಕಾಲದಿಂದ ಊರೂರು ತಿರುಗಿದ ಮಾತು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯ ಬೆಳೆಯು ರೋಗದಿಂದ ಹಾಳಾಗಿ ಘೋರವಾದ ಬರವುಂಟಾಯಿತು. ಆಗ 1847ರಲ್ಲಿ ಕ್ಲೋನ್ಸ್ ಎಂಬ ಪಟ್ಟಣದ ಸಭಾಪಾಲಕನ ಹೆಂಡತಿಯಾದ ಕಸಾಂಡ್ರ ಹ್ಯಾಂಡ್ ಎಂಬಾಕೆಯು ಅಲ್ಲಿಯ ಬಡ ಹೆಂಗಸರಿಗೆ ಕ್ರೋಶಾ ಕೆಲಸವನ್ನು ಕಲಿಸುವ ಏರ್ಪಾಡು ಮಾಡಿದಳು. ಆ ಊರಿನ ಹೆಸರಿನಲ್ಲಿಯೇ ಕ್ಲೋನ್ಸ್ ಗಂಟು ಎಂಬ ಉಬ್ಬುಹೆಣಿಗೆಯೊಂದು ಇಂದಿಗೂ ಪ್ರಸಿದ್ಧವಾಗಿದೆ. ಹೊಟ್ಟೆಗಿಲ್ಲದ ಮನೆಗಳು ಆ ಗಂಟುಗಳಿಂದ ಉಂಡವು. ಅಲ್ಲಿ ಅಲಂಕಾರವೇ ಅನ್ನವಾಯಿತು. ನಮ್ಮ ದೇಶದ ತೆಂಕಣ ತುದಿಯ ನಾಗರಕೋವಿಲಿನಲ್ಲಿ 1819ರಲ್ಲಿ ಬಂದು ನೆಲೆಸಿದ ಮಾರ್ಥಾ ಮಾಲ್ಟ್ ಎಂಬಾಕೆಯು ತನ್ನ ಶಾಲೆಯ ಹೆಣ್ಣುಮಕ್ಕಳಿಗೆ ಲೇಸಿನ ಕೆಲಸವನ್ನು ಕಲಿಸಿದಳು. ಅದು ಕೊಕ್ಕೆಯ ಕೆಲಸವಲ್ಲ, ದಿಂಬಿನ ಮೇಲೆ ನೂಲುಗಳನ್ನು ಹೆಣೆಯುವಂಥಾದ್ದು. ಜೀತದ ಮನೆಗಳ ಹುಡುಗಿಯರು ಆ ಲೇಸಿನ ಹಣದಿಂದ ತಮ್ಮ ಬಿಡುಗಡೆಯನ್ನು ಕೊಂಡುಕೊಂಡರೆಂದು ಅಲ್ಲಿಯ ಮಿಶನಿನ ಚರಿತ್ರೆಯಲ್ಲಿ ಹೇಳಲ್ಪಟ್ಟದೆ.

ಇವು ಕೇಳುವದಕ್ಕೆ ಹಿತವಾದ ಕಥೆಗಳು. ಗೋದಾವರಿಯ ಸೀಮೆಯ ನರಸಾಪುರದ ಕಥೆಯು ಅಷ್ಟು ಹಿತವಲ್ಲ. ಆ ಪ್ರಾಂತದ ಕ್ರೈಸ್ತ ಹೆಂಗಸರಿಗೂ ಹತ್ತೊಂಭತ್ತನೆಯ ಶತಮಾನದಲ್ಲಿ ಮಿಶನರಿಗಳೇ ಈ ಕೊಕ್ಕೆಯ ಕೆಲಸವನ್ನು ಕಲಿಸಿದರು. ಕಾಲಕ್ರಮದಲ್ಲಿ ಇತರ ಜಾತಿಗಳ ಹೆಂಗಸರೂ ಅದಕ್ಕೆ ಕೈಹಾಕಿದರು, ಹೆಣಿಗೆಯು ಸಮುದ್ರ ದಾಟಿ ಹೋಯಿತು, ವ್ಯಾಪಾರವು ಬೆಳೆಯಿತು. ಜರ್ಮನಿಯ ಮರಿಯಾ ಮೀಸ್ ಎಂಬ ವಿದ್ವಾಂಸಿನಿಯು ಅಲ್ಲಿ ಹೋಗಿ ವಿಚಾರಿಸಿ 1982ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಆಕೆಗೆ ಕಂಡದ್ದೇನಂದರೆ, ಆ ಹೆಂಗಸರು ಮನೆಗೆಲಸದ ಸಂಗಡ ದಿನಕ್ಕೆ ಆರೆಂಟು ತಾಸು ಹೆಣೆಯುತ್ತಿದ್ದರೂ ಅವರಿಗೆ ಸಿಕ್ಕುತ್ತಿದ್ದ ಕೂಲಿಯು ಹೊಲದ ಕೂಲಿಗಿಂತಲೂ ಬಹಳ ಕಡಿಮೆಯಾಗಿತ್ತು. ಯಾಕಂದರೆ ವ್ಯಾಪಾರಿಗಳ ದೃಷ್ಟಿಯಲ್ಲಿ ಅವರು ಕೆಲಸಗಾರರೇ ಅಲ್ಲ, ಪುರುಸೊತ್ತಿನಲ್ಲಿ ಕೈಯಾಡಿಸುವ ಗೃಹಿಣಿಯರು. ಕೆಲವು ಹೆಂಗಸರು ತಮ್ಮನ್ನು ತಾವೇ ಹಾಗೆ ಎಣಿಸಿಕೊಂಡಿದ್ದರು. ಹೊಲಕ್ಕೆ ಹೋಗದೆ ಮನೆಯೊಳಗೆ ಕೂತು ಮಾಡುವದರಲ್ಲಿ ಒಂದು ಮರ್ಯಾದೆಯಿತ್ತು, ಆ ಮರ್ಯಾದೆಗೆ ಅವರು ತೆತ್ತದ್ದು ತಮ್ಮ ಕೂಲಿಯನ್ನೇ. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಊರ ಹೆಸರಿನ ಭೌಗೋಳಿಕ ಗುರುತು ದೊರಕಿದೆ. ಸಂತೋಷ. ಆದರೆ ಗುರುತು ಊರಿಗೆ ಸಿಕ್ಕಿದ್ದು, ತಾಸಿಗಲ್ಲ.

ಕಲಿಸಿದವರನ್ನು ದೂರುವದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಸೀಮೆಯಲ್ಲಿಯೇ ಒಂದು ಭೇದವನ್ನು ನೋಡಿರಿ. ಬಾಸೆಲ್ ಮಿಶನಿನ ಹಾಲರ್ ಎಂಬವನು 1851ರಲ್ಲಿ ಮಂಗಳೂರಿಗೆ ಬಂದು ಬಲ್ಮಠದ ನೇಯಿಗೆಯನ್ನು ಬೆಳೆಸಿದ್ದನ್ನೂ, ಪ್ಲೆಬ್ಸ್ಟ್ ಎಂಬವನು 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದದ್ದನ್ನೂ ನಮ್ಮಲ್ಲಿ ಅನೇಕರು ಬಲ್ಲರು. ಹಂಚು, ಬಟ್ಟೆ ಎಂದರೆ ಕೈಗಾರಿಕೆ. ಅಲ್ಲಿ ಹೊತ್ತಿಗೆ ಬೆಲೆಯಿತ್ತು, ಕೆಲಸಕ್ಕೆ ಸಂಬಳವಿತ್ತು. ಅದೇ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದ ಹೊಲಿಗೆ ಹೆಣಿಗೆಗಳಿಗೆ ಒಳ್ಳೇ ನಡತೆ ಎಂಬ ಹೆಸರು ಬಂತು. ಸುಮ್ಮನೆ ಕೂಡದಿರುವದೇ ಅದರ ಸಂಬಳವಾಯಿತು.

ನಮ್ಮ ಸಹೋದರಿಯ ಮಡಿಲಿನ ಮೊರದ ವಿಷಯದಲ್ಲಿ ಈ ಭೇದವು ಇನ್ನೂ ವಿಚಿತ್ರವಾಗಿ ತೋರುತ್ತದೆ. ಆಕೆಯು ಅದೇ ಚಾವಡಿಯಲ್ಲಿ, ಅದೇ ಮಣೆಯ ಮೇಲೆ ಕೂತು, ಅವೇ ಹತ್ತು ಬೆರಳುಗಳಿಂದ ಎರಡು ಕೆಲಸಗಳನ್ನು ಮಾಡುತ್ತಾಳೆ. ಬೀಡಿಯನ್ನು ಕಟ್ಟುವಾಗ ಸರಕಾರದ ದೃಷ್ಟಿಯಲ್ಲಿ ಆಕೆಯು ಕೆಲಸಗಾರಳು. ಬೀಡಿ ಕೆಲಸಗಾರರ ವಿಷಯವಾಗಿ 1966ರಲ್ಲಿ ಆದ ಕಾನೂನು ಮನೆಯಲ್ಲಿ ಕೂತು ಕಟ್ಟುವವರನ್ನೂ ಕೆಲಸಗಾರರೆಂದು ಎಣಿಸಿತು. 1976ರಲ್ಲಿ ಅವರ ಕ್ಷೇಮನಿಧಿಗಾಗಿ ಬೇರೊಂದು ಕಾನೂನಾಯಿತು. ಆಕೆಯ ಹೆಸರಿನಲ್ಲಿ ಗುರುತಿನ ಚೀಟಿಯುಂಟು, ಸಾವಿರಕ್ಕೆ ಇಷ್ಟೆಂದು ಗೊತ್ತಾದ ಕೂಲಿಯುಂಟು. ಒಂದು ಕಟ್ಟು ಕಡಿಮೆಯಾದರೆ ಆಕೆಯು ಬ್ರಾಂಚಿನಲ್ಲಿ ಜಗಳವಾಡುತ್ತಾಳೆ, ಮತ್ತು ಜಗಳವಾಡತಕ್ಕದ್ದೇ. ಮೊರವನ್ನು ಗೋಡೆಗೆ ಒರಗಿಸಿ ಕ್ರೋಶಾ ಕಡ್ಡಿಯನ್ನು ಹಿಡಿದ ಕೂಡಲೇ ಅವೇ ಬೆರಳುಗಳು ಪುರುಸೊತ್ತಿನವಾಗುತ್ತವೆ! ಮನೆಯಲ್ಲಿ ಮಾಡುವ ಎಲ್ಲಾ ಕೂಲಿಕೆಲಸಕ್ಕೂ ಇತರ ಕೆಲಸಗಳ ಸಮಾನ ಗೌರವ ಬೇಕೆಂದು ಲೋಕದ ಕಾರ್ಮಿಕ ಸಂಸ್ಥೆಯು 1996ರಲ್ಲಿ ಒಂದು ಒಡಂಬಡಿಕೆಯನ್ನು ಬರೆಯಿತು. ನಮ್ಮ ದೇಶವು ಅದಕ್ಕೆ ರುಜು ಹಾಕಿಲ್ಲ.

ಇಲ್ಲಿ ಒಂದು ಎದುರುಮಾತುಂಟು, ಅದು ಸುಲಭವಾದದ್ದಲ್ಲ. ಒಂದು ದಿನ ಈ ಲೆಕ್ಕವನ್ನು ಆಕೆಗೆ ತೋರಿಸಿದಾಗ ಆಕೆಯೇ ಅದನ್ನು ನನ್ನ ಮುಂದೆ ಇಟ್ಟಳು. “ಟೀಚರಮ್ಮ, ಬೀಡಿ ಕಟ್ಟಿ ಕಟ್ಟಿ ಹಗಲು ಮುಗಿಯುತ್ತದೆ, ಅದರಲ್ಲಿ ಒಂದಾದರೂ ಮನೆಯಲ್ಲಿ ಉಳಿಯುವದಿಲ್ಲ. ಇದನ್ನು ಹಿಡಿದರೆ ನನಗೆ ಆರಾಮ. ಎಲ್ಲಿ ಹೊದಳು ಹಾಕಬೇಕು ಎಂದು ನಾನೇ ನೋಡುವದು, ಬೇರೆ ಯಾರೂ ಹೇಳುವದಿಲ್ಲ. ಇದಕ್ಕೂ ತಾಸಿನ ಲೆಕ್ಕ ಹಾಕಿದರೆ ಇದೂ ಬೀಡಿಯೇ ಆಗಲಿಕ್ಕಿಲ್ಲವೋ?” ಎಂದಳು.

ನಾನು ಆ ರಾತ್ರಿ ಉತ್ತರ ಕೊಡಲಾರದೆ ಬಂದೆನು. ಆನಂದವನ್ನು ಎಣಿಸಲಾರಂಭಿಸಿದರೆ ಅದು ಹಾರಿಹೋಗುವದೆಂಬ ಭಯವು ಬರೀ ಭಯವಲ್ಲ. ಪ್ರೀತಿಯಿಂದ ಮಾಡಿ ಕೊಟ್ಟದ್ದಕ್ಕೆ ಬೆಲೆ ಕಟ್ಟುವದು ಅಸಹ್ಯವೇ ಸರಿ. ತೊಟ್ಟಿಲಿಗೆ ಕಟ್ಟುವ ಗೊಂಡೆಗೂ ಮಗಳ ಮದುವೆಯ ಹಾಸಿಗೂ ಯಾರು ತಾಸನ್ನು ಎಣಿಸುತ್ತಾರೆ? ಆದರೆ ನಾನು ಕೊಂಡದ್ದು ದಾನವಲ್ಲ, ವ್ಯಾಪಾರ. ಕೊಳ್ಳುವವಳು ಮಾರುವವಳ ಸಂತೋಷವನ್ನು ಕ್ರಯದಿಂದ ಕಳೆಯುವದು ಯಾವ ನ್ಯಾಯ? ಹಾಡುವವನು ಹಾಡಿ ಸುಖಪಡುತ್ತಾನೆ. ವೈದ್ಯನಿಗೆ ರೋಗವು ಗುಣವಾದರೆ ಹಿಗ್ಗಾಗುತ್ತದೆ. ಪ್ರಸಂಗ ಮಾಡುವದರಲ್ಲಿ ಬಹಳ ಹರ್ಷವುಳ್ಳ ಪಾದ್ರಿಗಳನ್ನೂ ನಾವು ಬಲ್ಲೆವು, ಆ ಹರ್ಷವು ಹೆಚ್ಚಾದಾಗ ಪ್ರಸಂಗವೂ ಉದ್ದವಾಗುವದುಂಟು. ಆದಕಾರಣ ಅವರ ಸಂಬಳವನ್ನು ಅರ್ಧ ಮಾಡೋಣವೆಂದು ಯಾವ ಸಭಾಕಮಿಟಿಯಲ್ಲಿಯೂ ಮಾತು ಬಂದದ್ದನ್ನು ನಾನು ಕೇಳಲಿಲ್ಲ. ಸಂತೋಷವು ಆಕೆಯದ್ದು, ಆಕೆಯು ಅದನ್ನು ರಾತ್ರಿಯೇ ಅನುಭವಿಸಿ ಮುಗಿಸಿದಳು. ಬೆಳಿಗ್ಗೆ ನನಗೆ ಮಾರಿದ್ದು 40 ತಾಸುಗಳನ್ನು.

ಕಾರ್ಕಳದ ಗುಡ್ಡೆಯ ಮೇಲೆ 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯುಂಟು. ಶಾಲೆಯ ಮಕ್ಕಳನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಅಲ್ಲಿಯ ಕಲ್ಲುಕಂಬಗಳ ಕೆತ್ತನೆಯಿಂದ ಮಾಡು ಹೆಚ್ಚು ಭದ್ರವಾಗುವದಿಲ್ಲ, ಮಳೆಯೂ ಕಡಿಮೆ ಸೋರುವದಿಲ್ಲ. ಆದರೂ ಅವುಗಳನ್ನು ಶಿಲ್ಪಿಗಳು ಪುರುಸೊತ್ತಿನಲ್ಲಿ ಕೆತ್ತಿದರೆಂದು ಯಾವ ಪ್ರವಾಸಿಗನೂ ಹೇಳಿದ್ದಿಲ್ಲ. ಕಲ್ಲಿಗೆ ಒಂದು ನ್ಯಾಯ, ನೂಲಿಗೆ ಒಂದು ನ್ಯಾಯವೋ, ಅಥವಾ ಗಂಡಸರ ಉಳಿಗೆ ಒಂದು, ಹೆಂಗಸರ ಕೊಕ್ಕೆಗೆ ಒಂದೋ, ವಾಚಕರೇ ವಿಚಾರಿಸಲಿ.

ಇನ್ನೊಂದು ಸಂಗತಿಯನ್ನು ನಾನು ಈ ಕಲಿಕೆಯಿಂದ ತಿಳಿದುಕೊಂಡೆನು. ಉಣ್ಣೆಯ ಅಂಗಿಯನ್ನು ಹೆಣೆಯುವ ಯಂತ್ರಗಳು ಬಹಳ ಕಾಲದಿಂದಲೂ ಇವೆ, ಲೇಸನ್ನು ನೇಯುವ ಯಂತ್ರಗಳೂ ಇವೆ. ಆದರೆ ಕೊಕ್ಕೆಯ ಕ್ರೋಶಾವನ್ನು ಕೈಯ ಹಾಗೆ ಮಾಡಿ ರಾಶಿ ಹಾಕುವ ಯಂತ್ರವು ಇಂದಿಗೂ ಕಾರ್ಖಾನೆಗಳಲ್ಲಿಲ್ಲ. ಹೋದ ತಿಂಗಳು ಮಣಿಪಾಲಕ್ಕೆ ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ ಹುಡುಗಿಯರ ಕ್ರೋಶಾ ರವಿಕೆಗಳು ತೂಗುತ್ತಿದ್ದವು. ಕ್ರಯವು ಒಂದು ಹೊತ್ತಿನ ಊಟದಷ್ಟು. ಮುಂಚೆಯಾದರೆ ಯಂತ್ರದ ಸರಕೆಂದು ನೆನಸಿ ದಾಟಿಹೋಗುತ್ತಿದ್ದೆನು. ಈಗ ಒಂದನ್ನು ತಿರುಗಿಸಿ ಹಿಂಬದಿಯನ್ನು ನೋಡಿದೆನು. ಕಂಬಗಳಿದ್ದವು. ಎದೆಯ ಬಳಿಯಲ್ಲಿ ಎರಡು ಸಾಲು ಹೊದಳುಗಳಿದ್ದವು, ಅವುಗಳಲ್ಲಿ ಒಂದು ಸ್ವಲ್ಪ ಸೊರಗಿತ್ತು; ಯಾರೋ ನಾಲ್ಕೇ ಕಂಬಗಳನ್ನು ಹಾಕಿ, ಬಿಚ್ಚುವದಕ್ಕೆ ಹೊತ್ತಿಲ್ಲದೆ ಮುಂದೆ ಹೋಗಿದ್ದಳು. ಅಂಗಡಿಯ ಹುಡುಗನು ಬೇಕೋ ಮೇಡಂ ಎಂದು ಎರಡು ಸಲ ಕೇಳಿದನು.

ಕೊನೆಗೆ ನಾನು ಒಂದು ದಿನ ಲಕೋಟೆಯಲ್ಲಿ ಹಣವನ್ನಿಟ್ಟುಕೊಂಡು ಬೇಲಿ ದಾಟಿದೆನು. ಆಕೆಯು ಮುಟ್ಟಲಿಲ್ಲ. ಎರಡು ವರುಷಗಳ ಹಿಂದಿನ ವ್ಯಾಪಾರಕ್ಕೆ ಈಗ ಹಣವನ್ನು ತೆಗೆದುಕೊಂಡರೆ ಆವತ್ತು ತಾನು ಮೋಸಹೋದೆನೆಂದು ಒಪ್ಪಿಕೊಂಡ ಹಾಗಾಗುತ್ತದೆ, ತಾನು ಅಷ್ಟು ಪೆದ್ದಿಯಲ್ಲ ಎಂದಳು. ನಾನು ಒತ್ತಾಯ ಮಾಡಿದಷ್ಟೂ ಆಕೆಯ ಮುಖವು ಬಿಗಿಯಿತು. ನನ್ನ ಮನಸ್ಸನ್ನು ಹಗುರ ಮಾಡಿಕೊಳ್ಳುವದಕ್ಕೆ ಆಕೆಯ ಮರ್ಯಾದೆಯನ್ನು ಖರ್ಚು ಮಾಡುತ್ತಿದ್ದೇನೆಂದು ತಿಳಿದು ಲಕೋಟೆಯನ್ನು ಹಿಂದಕ್ಕೆ ತಂದೆನು. ಅದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಮತ್ತು ಅದಕ್ಕೆ ಏನು ಮಾಡಬೇಕೋ ನನಗೆ ತಿಳಿಯದು. ಹಾಸಿನ ಮೂಲೆಗೆ ನಾನು ಮಾಡಿದ ಚೌಕವನ್ನು ಕೂಡಿಸಿದ್ದಾಯಿತು. ನೆಂಟರು ಬಂದರೆ ನಲವತ್ತೆಂಟರಲ್ಲಿ ಯಾವದು ನನ್ನದೆಂದು ಕೇಳಬೇಕಾಗಿಲ್ಲ.

ಆದರೆ ಮೊನ್ನೆ ಉಪ್ಪಿನಕಾಯಿಯ ಭರಣಿಯನ್ನು ಹಿಂದಕ್ಕೆ ಕೊಡುವದಕ್ಕೆ ಆಕೆಯ ಮನೆಗೆ ಹೋದಾಗ, ಬಾಗಿಲಿನ ಪಕ್ಕದ ಕ್ಯಾಲೆಂಡರಿನ ಕಡೆಗೆ ನನ್ನ ದೃಷ್ಟಿ ಹೋಯಿತು. ಅದರಲ್ಲಿ ದಿನದಿನದ ಚೌಕದೊಳಗೆ ಬೀಡಿಯ ಲೆಕ್ಕವನ್ನು ನೀಲಿ ಪೆನ್ನಿನಿಂದ ಬರೆಯುವದು ಆಕೆಯ ಪದ್ಧತಿ. ಈ ತಿಂಗಳ ಹತ್ತನೆಯ ತಾರೀಕಿನಿಂದ ನೀಲಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಸಣ್ಣ ಅಂಕೆಗಳಿವೆ: 2, 1½, 2, ಒಂದು ಆದಿತ್ಯವಾರ ಖಾಲಿ, ಮತ್ತೆ 3. ಏನೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಭರಣಿಯನ್ನು ತೆಗೆದುಕೊಂಡು, ಕೂತುಕೊಳ್ಳಿ ಟೀಚರಮ್ಮ, ಚಾ ಇಡುತ್ತೇನೆ ಎಂದಳು.